ಓದುವ ಕಣ್ಣು ಹಾಗೂ ನಮ್ಮ ಮಕ್ಕಳ ಶಿಕ್ಷಣ

ಗ್ರಾಮೀಣ ಭಾರತದಲ್ಲಿ ಐದನೆಯ ಇಯತ್ತೆಯ ಮಕ್ಕಳ ಪೈಕಿ ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 50.5 ಇದ್ದರು. 2022ರಲ್ಲಿ ಆ ಪ್ರಮಾಣವು 42.8ಕ್ಕೆ ಇಳಿದು, 2024ರಲ್ಲಿ 48.8ಕ್ಕೆ ಏರಿತು. ಇವು ‘ಅಸರ್’ ಎಂಬ ಸಮೀಕ್ಷೆಯ ಅಂಕಿಗಳು. ಸ್ವಾತಂತ್ರ್ಯವು ಬಂದು ಮುಕ್ಕಾಲು ಶತಮಾನವು ಕಳೆದ ಮೇಲೂ ಅರ್ಧದಷ್ಟು ಮಕ್ಕಳು ಪುಸ್ತಕದ ಮುಂದೆ ಕುಳಿತೂ ಪುಸ್ತಕದ ಹೊರಗೇ ಉಳಿದಿರುವದು ರಾಷ್ಟ್ರಕ್ಕೆ ಭೂಷಣವಲ್ಲ.

ಇಂಥ ಮಗುವನ್ನು ಕುರಿತು ಮನೆಯಲ್ಲಿಯೂ ಶಾಲೆಯಲ್ಲಿಯೂ ಕೇಳಿಬರುವ ಮಾತು ಒಂದೇ: “ಇವನ ಕಣ್ಣು ಮುಂದೆ ಓಡುವದಿಲ್ಲ, ಇವನು ಮಂದ.” ಈ ತೀರ್ಪನ್ನು ಕೊಡುವ ಮೊದಲು, ಓದುವಾಗ ಕಣ್ಣು ಹೇಗೆ ನಡೆಯುತ್ತದೆಂಬದನ್ನು ಅರಿಯುವದು ನ್ಯಾಯವಾಗಿದೆ. ಸಂಪಾದಕೀಯ ಪುಟದಲ್ಲಿ ಕಣ್ಣಿನ ಮಾತೇಕೆಂದು ವಾಚಕರು ಕೇಳಬಹುದು. ಓದು ಬಾರದ ಪ್ರಜೆಯು ತನ್ನ ಹಕ್ಕಿನ ಕಾಗದವನ್ನು ಪರರಿಂದ ಓದಿಸಿಕೊಳ್ಳಬೇಕಾಗುವದು. ಆದ್ದರಿಂದ ಇದು ಪ್ರಜಾರಾಜ್ಯದ ಪ್ರಶ್ನೆಯೇ ಸರಿ.

ಕಾಲುವೆಯಲ್ಲಿ ನೀರು ಹರಿಯುವಂತೆ ಕಣ್ಣು ಸಾಲಿನ ಮೇಲೆ ಎಡೆಬಿಡದೆ ಹರಿಯುತ್ತದೆಂದು ನಾವೆಲ್ಲರೂ ಭಾವಿಸಿದ್ದೇವೆ. ಅದು ಭ್ರಮೆ. ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಪ್ಯಾರಿಸಿನ ನೇತ್ರವೈದ್ಯರಾದ ಎಮಿಲ್ ಜವಾಲರೂ ಅವರ ಸಮಕಾಲೀನರೂ ಈ ಭ್ರಮೆಯನ್ನು ಕಳೆದರು. ಕಣ್ಣು ಹರಿಯುವದಿಲ್ಲ, ಜಿಗಿಯುತ್ತದೆ. ನಮ್ಮ ವೈಯಾಕರಣರು ಹೇಳುವ ಮಂಡೂಕಪ್ಲುತಿಯಂತೆ ಒಂದು ಕಡೆ ನಿಂತು, ನಡುವಿನದನ್ನು ದಾಟಿ, ಮತ್ತೊಂದು ಕಡೆ ನಿಲ್ಲುತ್ತದೆ. ಇಂಗ್ಲಿಷ್ ಓದುವ ಪ್ರವೀಣನ ಕಣ್ಣು ಪ್ರತಿ ನಿಲುಗಡೆಯಲ್ಲಿ ಸುಮಾರು ಕಾಲು ಸೆಕೆಂಡು ತಂಗಿ, ಏಳೆಂಟು ಅಕ್ಷರಗಳಷ್ಟು ಮುಂದಕ್ಕೆ ಹಾರುವದು. ಹಾರುವಾಗ ಅಕ್ಷರಗಳು ಕಾಣುವದಿಲ್ಲ. ನಿಂತಾಗ ಮಾತ್ರ ಕಾಣುವವು. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನೂ ಬಲಗಣ್ಣನ್ನೂ ಸರದಿಯಿಂದ ನೋಡಿಕೊಳ್ಳಿರಿ. ಕಣ್ಣು ಚಲಿಸಿದ್ದು ಪಕ್ಕದಲ್ಲಿದ್ದವರಿಗೆ ಕಾಣುವದು, ನಿಮಗೆ ಕಾಣದು.

ಈ ಜಿಗಿತಕ್ಕೆ ಕಾರಣವುಂಟು. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಪ್ರದೇಶವು ಬಹು ಸಣ್ಣದು. ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು. 1975ರಲ್ಲಿ ಅಮೇರಿಕೆಯ ಮೆಕಾಂಕಿ ಹಾಗೂ ರೇನರ್ ಎಂಬ ಶಾಸ್ತ್ರಜ್ಞರು, ದೃಷ್ಟಿ ನೆಟ್ಟ ಸ್ಥಳದ ಸುತ್ತಲಿನ ಕೆಲವು ಅಕ್ಷರಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಮರೆಮಾಡುವ ಯುಕ್ತಿಯನ್ನು ಗಣಕಯಂತ್ರದಿಂದ ಸಾಧಿಸಿದರು. ಇಂಗ್ಲಿಷ್ ವಾಚಕನು ಎಡಕ್ಕೆ ಮೂರು ನಾಲ್ಕು, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳಿಂದ ಮಾತ್ರ ಪ್ರಯೋಜನ ಪಡೆಯುವನೆಂದು ಇಂಥ ಪ್ರಯೋಗಗಳಿಂದ ತಿಳಿದುಬಂದಿತು. ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ ಭಾಷೆಯಲ್ಲಿ ಈ ಹರವು ಎಡಕ್ಕೆ ತಿರುಗುವದೆಂದು 1981ರಲ್ಲಿ ಕಂಡುಬಂದಿತು. ಅಂದಮೇಲೆ ಓದುವ ಕಣ್ಣು ಹುಟ್ಟಿನಿಂದ ಬಂದದ್ದಲ್ಲ. ಲಿಪಿಯೇ ಅದನ್ನು ತಿದ್ದುತ್ತದೆ.

ಇನ್ನು ಮಂದನೆನಿಸಿಕೊಂಡ ಮಗುವಿನ ವಿಷಯ. ಅದರ ಕಣ್ಣು ಹೆಚ್ಚು ಸಲ ನಿಲ್ಲುವದು, ಹೆಚ್ಚು ಹೊತ್ತು ನಿಲ್ಲುವದು, ಹಿಂದಕ್ಕೆ ಮರಳುವದು. ಇದು ದೋಷವೆಂದು ಬಗೆದು ಕಣ್ಣಿಗೆ ಕಸರತ್ತು ಮಾಡಿಸುವವರುಂಟು. ಆದರೆ ಕಣ್ಣಿನ ತಡವು ಸಾಮಾನ್ಯವಾಗಿ ಓದಿನ ಕಷ್ಟದ ಫಲವೇ ಹೊರತು ಕಾರಣವಲ್ಲ. ಪರಿಚಿತ ಶಬ್ದದ ಮೇಲೆ ಕಣ್ಣು ಕಡಿಮೆ ಹೊತ್ತು ನಿಲ್ಲುವದು, ಅಪರಿಚಿತ ಶಬ್ದದ ಮೇಲೆ ತಡೆಯುವದು. ಮನಸ್ಸು ಎಡವಿದಲ್ಲಿ ಕಣ್ಣು ನಿಲ್ಲುತ್ತದೆ. ಪ್ರವೀಣ ವಾಚಕನ ಜಿಗಿತಗಳಲ್ಲಿಯೂ ನೂರಕ್ಕೆ ಹತ್ತು ಹದಿನೈದು ಹಿಂದಕ್ಕೇ ಇರುವವು. ಹಾಗೆ ಹಿಂದಿರುಗದಂತೆ ತಡೆದರೆ ಅರ್ಥಗ್ರಹಣವು ಕುಗ್ಗುವದೆಂದು 2014ರ ಪ್ರಯೋಗವೊಂದು ತೋರಿಸಿದೆ. ಹೀಗಿರಲು, ಮರಳಿ ಓದುವ ಮಗುವನ್ನು ಗದರಿಸುವದು ಅರ್ಥವನ್ನು ಹುಡುಕುವ ಮಗುವನ್ನೇ ಗದರಿಸಿದಂತೆ. ನಿಮಿಷಕ್ಕೆ ಸಾವಿರಾರು ಶಬ್ದಗಳನ್ನು ಓದಿಸುವೆವೆಂದು ಹಣ ಕೀಳುವ ಶೀಘ್ರವಾಚನದ ವ್ಯಾಪಾರದಿಂದಲೂ ಪಾಲಕರು ದೂರವಿರುವದು ಲೇಸು. ವೇಗವು ಹೆಚ್ಚಿದಷ್ಟೂ ತಿಳುವಳಿಕೆಯು ತಗ್ಗುವದೆಂದು ರೇನರರೂ ಅವರ ಸಂಗಡಿಗರೂ 2016ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ನಮ್ಮ ಕನ್ನಡದ ಮಗುವಿನ ಹೊರೆಯಂತೂ ಬೇರೆಯೇ ಬಗೆಯದು. ಇಂಗ್ಲಿಷಿನ ಅಕ್ಷರಗಳು ಇಪ್ಪತ್ತಾರು. ನಮ್ಮಲ್ಲಿ ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತವನ್ನು ಹಚ್ಚಿದರೆ ನಾನೂರಕ್ಕೂ ಮಿಕ್ಕಿದ ರೂಪಗಳಾಗುವವು. ಒತ್ತಕ್ಷರಗಳ ಲೆಕ್ಕವು ಬೇರೆ. ಕನ್ನಡದ ಮಕ್ಕಳು ಅಕ್ಷರಗಳನ್ನು ಪೂರ್ಣವಾಗಿ ಕೈವಶಮಾಡಿಕೊಳ್ಳಲು ಮೊದಲೆರಡು ವರ್ಷಗಳು ಸಾಲವು, ಮೂರು ನಾಲ್ಕನೆಯ ಇಯತ್ತೆಗಳವರೆಗೂ ಆ ಕಲಿಕೆ ನಡೆಯುವದೆಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಭ್ಯಾಸದಿಂದ ತಿಳಿಯುವದು. ಇದು ಲಿಪಿಯ ದೋಷವಲ್ಲ. ಒಮ್ಮೆ ಕಲಿತರೆ ಬರೆದಂತೆ ಓದಬಹುದಾದ ಸೌಕರ್ಯವು ಇಂಗ್ಲಿಷಿಗೆ ಇಲ್ಲ, ನಮಗುಂಟು. ಆದರೆ ಪರದೇಶದ ಗಡಿಯಾರವನ್ನು ತಂದು ನಮ್ಮ ಮಗುವಿನ ಓದನ್ನು ಅಳೆಯುವದು ಅನ್ಯಾಯ.

ಮನೆಯಲ್ಲಿ ಕೇಳದ ಭಾಷೆಯ ಪುಸ್ತಕವನ್ನು ಮೊದಲ ದಿನವೇ ಕೈಗಿತ್ತರಂತೂ ಹೇಳುವದೇ ಬೇಡ. ಅಲ್ಲಿ ಪ್ರತಿಯೊಂದು ಶಬ್ದವೂ ಅಪರಿಚಿತ, ಪ್ರತಿಯೊಂದು ಹೆಜ್ಜೆಗೂ ತಡೆ. ಖಾಸಗೀ ಪ್ರಾಥಮಿಕ ಶಾಲೆಗಳ ಮೇಲೆ ಸರಕಾರವು ಮಾತೃಭಾಷೆಯ ಮಾಧ್ಯಮವನ್ನು ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಬಲವಂತದ ಮಾತು ಮುಗಿಯಿತು. ಪಾಲಕರ ಮನವೊಲಿಸುವ ಹಾದಿಯೊಂದೇ ಉಳಿಯಿತು. ತಿಳಿದ ಮಾತನ್ನು ಓದಲು ಕಲಿತ ಕಣ್ಣು ಮುಂದೆ ತಿಳಿಯದ ಮಾತನ್ನೂ ಎದುರಿಸಬಲ್ಲದೆಂಬದನ್ನು ಅವರಿಗೆ ತಿಳಿಹೇಳಬೇಕು.

ಕರ್ತವ್ಯವು ಸ್ಪಷ್ಟವಾಗಿದೆ. ಮೊದಲನೆಯದಾಗಿ, ಎಳೆಯರ ಪುಸ್ತಕಗಳನ್ನು ದೊಡ್ಡ ಮೊಳೆಯಲ್ಲಿ, ಒತ್ತಕ್ಷರವು ಕೆಳಗಿನ ಸಾಲಿಗೆ ತಗಲದಷ್ಟು ಅಂತರವಿಟ್ಟು ಅಚ್ಚುಹಾಕಿಸಬೇಕು. ಎರಡನೆಯದಾಗಿ, ಅಕ್ಷರಾಭ್ಯಾಸಕ್ಕೆ ನಾಲ್ಕನೆಯ ಇಯತ್ತೆಯವರೆಗೂ ಅವಕಾಶವಿರಬೇಕು. ಬೆರಳಿಟ್ಟು ಓದುವ ಮಗುವಿನ ಬೆರಳನ್ನು ಶಿಕ್ಷಕರು ಕಸಿದುಕೊಳ್ಳಬಾರದು. ಮೂರನೆಯದಾಗಿ, ಈವರೆಗಿನ ಪ್ರಯೋಗಗಳು ಬಹುಮಟ್ಟಿಗೆ ಐರೋಪ್ಯ ಭಾಷೆಗಳ ವಾಚಕರ ಮೇಲೆ ನಡೆದವುಗಳು. ಅವು ಕನ್ನಡ ಕಣ್ಣುಗಳ ಮೇಲೆಯೂ ವಿಪುಲವಾಗಿ ನಡೆಯಬೇಕು. 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದ ಮೈಸೂರಿಗೂ, 1969ರಿಂದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯನ್ನು ಹೊಂದಿದ ಅದೇ ನಗರಕ್ಕೂ ಈ ಕಾರ್ಯವು ಹೊಸದೆನಿಸಬಾರದು.

ಓದುವ ಕಣ್ಣನ್ನು ಕುರಿತು ಜಗತ್ತಿಗೆ ಕಲಿಸಿದ ಜವಾಲರು ತಮ್ಮ ಕಡೆಗಾಲದಲ್ಲಿ ಗ್ಲಾಕೋಮಾ ರೋಗದಿಂದ ಸ್ವತಃ ದೃಷ್ಟಿಹೀನರಾದರು. ಆದರೂ ಅಂಧರ ಬಾಳಿಗೆ ನೆರವಾಗುವ ಗ್ರಂಥವನ್ನು ರಚಿಸಿದರು. ಕಣ್ಣಿಲ್ಲದವರೊಬ್ಬರು ಅಷ್ಟು ಮಾಡಿರುವಾಗ, ನಮ್ಮ ಮಕ್ಕಳಿಗೆ ದೇವರು ಕೊಟ್ಟ ಕಣ್ಣಿರುತ್ತ ಅವರು ಓದಿಲ್ಲದೆ ಬೆಳೆಯುವಂತೆ ಬಿಡುವದು ನಮ್ಮ ತಪ್ಪು. ಆ ತಪ್ಪನ್ನು ಮಗುವಿನ ತಲೆಗೆ ಕಟ್ಟುವದನ್ನು ಇನ್ನಾದರೂ ನಿಲ್ಲಿಸೋಣ.