‘ಬೇಕು’ ಎಂಬುದಕ್ಕೆ ‘ಇಂಗ್’ ಹಚ್ಚಿದವರುಂಟೆ?

ಮೊನ್ನೆ ನರಸಾಪುರದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳ ಇಂಗ್ಲಿಷ್ ಗೈಡನ್ನು ತಿರುವಿ ಹಾಕಿದೆ. ‘ಸ್ಟೇಟಿವ್ ವರ್ಬ್ಸ್’ ಎಂಬ ತಲೆಬರಹದ ಕೆಳಗೆ ನೋ, ಲೈಕ್, ವಾಂಟ್, ಹ್ಯಾವ್, ಥಿಂಕ್, ಸೀ ಎಂದು ಉದ್ದನೆಯ ಪಟ್ಟಿ. ಇವಕ್ಕೆ ‘ಇಂಗ್’ ಹಚ್ಚಕೂಡದು, ಬಾಯಿಪಾಠ ಮಾಡಿರಿ ಎಂಬ ಅಪ್ಪಣೆ. ನಾನು ಬಿ.ಎಡ್. ಮುಗಿಸಿ ಮೇಷ್ಟ್ರಾದಾಗಲೂ ಇದೇ ಪಟ್ಟಿಯಿತ್ತು. ಮಗು ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಿ, ಮರುಗಳಿಗೆಯೇ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದಿತು.

ಇದಕ್ಕೆ ಬಲ್ಲವರು ಹೇಳುವ ಕಾರಣ ಒಂದೇ: ಮಾತೃಭಾಷೆಯ ಪ್ರಭಾವ. ಆದುದರಿಂದ ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಸೊಲ್ಲೆತ್ತಬಾರದಂತೆ. ಈ ಮಾತನ್ನು ನಾನು ಒಪ್ಪಲಾರೆ.

‘ನನಗೆ ಗೊತ್ತು’, ‘ನನಗೆ ಬೇಕು’ ಎನ್ನುತ್ತೇವೆ. ‘ಗೊತ್ತುತ್ತಿದೆ’, ‘ಬೇಕುತ್ತಿದೆ’ ಎಂದು ಯಾವ ಮಗುವಾದರೂ ಅಂದದ್ದುಂಟೆ? ನಮ್ಮ ಕೋಲಾರದ ಕಡೆ ಮನೆಯಲ್ಲಿ ತೆಲುಗಾಡುವ ಮಕ್ಕಳೂ ‘ನಾಕು ತೆಲುಸು’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಇರುವುದು ಬೇರೆ, ನಡೆಯುವುದು ಬೇರೆ ಎಂಬ ತಿಳಿವಳಿಕೆ ಅವರ ನಾಲಗೆಯಲ್ಲೇ ಇದೆ. ‘ಆಗು’ ಸೇರಿ ಅದು ನಡೆಯುವ ಸಂಗತಿಯಾದಾಗ ಮಾತ್ರ ‘ಗೊತ್ತಾಗುತ್ತಿದೆ’ ಎಂಬ ರೂಪ ಬರುತ್ತದೆ. ಕನ್ನಡ ಮೇಷ್ಟ್ರು ಬೇಕು, ಸಾಕು, ಉಂಟು ಎಂಬಿವನ್ನು ಕ್ರಿಯಾರ್ಥಕಾವ್ಯಯಗಳೆಂದು ಪಾಠ ಮಾಡಿ ಹೊರಡುತ್ತಾರೆ. ಮುಂದಿನ ಪೀರಿಯಡ್ಡಿಗೆ ಬರುವ ಇಂಗ್ಲಿಷ್ ಮೇಷ್ಟ್ರು ‘ವಾಂಟ್’ಗೆ ‘ಇಂಗ್’ ಹತ್ತುವುದಿಲ್ಲವೆಂದು ಹೊಸದಾಗಿ ಶುರು ಮಾಡುತ್ತಾರೆ. ನಡುವಿನ ಗೋಡೆಯನ್ನು ಕಟ್ಟಿದವರು ನಾವೇ.

ಪಟ್ಟಿ ಎಡವುವುದು ‘ಥಿಂಕ್’, ‘ಹ್ಯಾವ್’ಗಳಲ್ಲಿ. ‘ಐ ಆಮ್ ಥಿಂಕಿಂಗ್ ಅಬೌಟ್ ಇಟ್’ ಸರಿ, ‘ಐ ಆಮ್ ಹ್ಯಾವಿಂಗ್ ಲಂಚ್’ ಕೂಡ ಸರಿ. ಪಟ್ಟಿಯನ್ನು ನಂಬಿದ ಮಗು ಇಲ್ಲಿ ಕಂಗಾಲಾಗುತ್ತದೆ. ಕನ್ನಡದಲ್ಲಾದರೋ ಇವು ಬೇರೆ ಬೇರೆ ಮಾತುಗಳೇ: ‘ಅನ್ನಿಸುತ್ತದೆ’ ಒಂದು, ‘ಯೋಚಿಸುತ್ತಿದ್ದೇನೆ’ ಇನ್ನೊಂದು, ‘ತಮ್ಮಂದಿರಿದ್ದಾರೆ’ ಒಂದು, ‘ಊಟ ಮಾಡುತ್ತಿದ್ದೇನೆ’ ಇನ್ನೊಂದು. ಇಂಗ್ಲಿಷು ಒಂದೇ ಪದದಲ್ಲಿ ಮುಚ್ಚಿಟ್ಟದ್ದನ್ನು ಕನ್ನಡ ಬಿಡಿಸಿ ತೋರಿಸುತ್ತದೆ.

ಹಾಗಾದರೆ ಮಕ್ಕಳು ತಪ್ಪುವುದೇಕೆ? ‘ಐ ಆಮ್ ಗೋಯಿಂಗ್, ಐ ಆಮ್ ಈಟಿಂಗ್’ ಎಂದು ತಿಂಗಳುಗಟ್ಟಲೆ ಗಿಳಿಪಾಠ ಹೇಳಿಸುವವರು ನಾವು. ‘ಕಾಣಿಸುತ್ತಿದೆ’, ‘ಕೇಳಿಸುತ್ತಿದೆ’ ಎಂಬಲ್ಲಿ ಕನ್ನಡವೂ ದಾರಿ ತಪ್ಪಿಸುತ್ತದೆ, ನಿಜ. ಆದರೆ ಅದನ್ನು ತೋರಿಸಿಕೊಡಲು ಕನ್ನಡದಲ್ಲೇ ಮಾತಾಡಬೇಕಲ್ಲವೆ? ಅಂದ ಹಾಗೆ, 2003ರಲ್ಲಿ ಮೆಕ್‌ಡೊನಾಲ್ಡ್ಸ್‌ನವರು ‘ಐ ಆಮ್ ಲವಿಂಗ್ ಇಟ್’ ಎಂದು ಜಗತ್ತಿಗೆಲ್ಲ ಸಾರಿದರು. ಅದು ಜಾಹೀರಾತಿನ ಜಾಣತನವೆನಿಸಿಕೊಂಡಿತು. ನಮ್ಮ ಹಳ್ಳಿಯ ಹುಡುಗ ಅಂದಿದ್ದರೆ ನಗೆಪಾಟಲು.

ನಕ್ಕವರಲ್ಲಿ ನಾನೂ ಒಬ್ಬ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಉತ್ಸಾಹದಿಂದ ಎದ್ದುನಿಂತು ‘ಐ ಆಮ್ ನೋಯಿಂಗ್ ದಿ ಆನ್ಸರ್, ಸಾರ್’ ಎಂದ. ನಾನು ಅದನ್ನೇ ರಾಗವೆಳೆದು ಅಣಕಿಸಿದೆ, ತರಗತಿ ಗೊಳ್ಳೆಂದಿತು. ಅವನು ಕುಳಿತುಬಿಟ್ಟ. ಆ ವರ್ಷವೆಲ್ಲ ಮತ್ತೆ ಕೈಯೆತ್ತಲಿಲ್ಲ. ಅವನಿಗೆ ಉತ್ತರ ಗೊತ್ತಿತ್ತೋ ಇಲ್ಲವೋ, ನಾನು ಕೇಳಲೇ ಇಲ್ಲ.