ಹಾರೋದಕ್ಕೆ ಓಡಲೇಬೇಕಾ?



ಹೋದ ತಿಂಗಳು ಇದೇ ಗೋಡೆಯ ಮೇಲೆ ಪ್ಯಾರಾಮೋಟರ್ ಚಿತ್ರ ಅಂಟಿಸಿದ್ದೆವು. ಬೆನ್ನಿಗೆ ಇಂಜಿನ್ ಕಟ್ಟಿಕೊಂಡು ಓಡಿ ಹಾರುವವನೇ ಧೈರ್ಯವಂತ, ಚಕ್ರದ ಗಾಡಿಯಲ್ಲಿ ಕೂತು ಹಾರುವವನು ಪುಕ್ಕಲ ಅಂತ ನಮ್ಮ ತರಗತಿಯ ಕೆಲವರು ಹೇಳುತ್ತಿದ್ದಾರೆ. ನಾನು ಒಪ್ಪುವುದಿಲ್ಲ.

ಹಾರಿಸುವುದು ಕಾಲೂ ಅಲ್ಲ, ಇಂಜಿನ್ನೂ ಅಲ್ಲ, ಮೇಲಿನ ಬಟ್ಟೆ. ದಿಂಬಿನ ಚೀಲಗಳನ್ನು ಸಾಲಾಗಿ ಹೊಲಿದ ಹಾಗೆ ಇರುವ ನೈಲಾನ್ ಬಟ್ಟೆ ಅದು. ಮುಂದಿನ ಅಂಚಿನಲ್ಲಿ ಬಾಯಿಗಳಿವೆ. ಮುಂದಕ್ಕೆ ಹೋದಾಗ ಗಾಳಿ ಒಳಗೆ ನುಗ್ಗಿ, ಬಟ್ಟೆ ಉಬ್ಬಿ ರೆಕ್ಕೆಯಾಗುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ರೆಕ್ಕೆ ಮಾಡಿದ ಡೊಮಿನಾ ಜಾಲ್ಬರ್ಟ್ ಗಾಳಿಪಟ ಮಾಡುವವರು! ಇಂಜಿನ್ ಹಿಂದಿನಿಂದ ತಳ್ಳುತ್ತದೆ, ಅಷ್ಟೇ. ಅದು ಮೇಲೆ ನಿಂತುಹೋದರೂ ಕಲ್ಲಿನ ಹಾಗೆ ಬೀಳಲ್ಲ, ಜಾರಿಕೊಂಡು ಇಳಿಯಬಹುದು. ಕೈಯಲ್ಲಿ ರೈಸ್ ಮಾಡಿದರೆ ಬೈಕಿನ ಹಾಗೆ ಜೋರಾಗಿ ಹೋಗಲ್ಲ, ಮೇಲಕ್ಕೆ ಏರುತ್ತದೆ. ಬಲಗೈ ಹಗ್ಗ ಎಳೆದರೆ ಬಲಕ್ಕೆ, ಎಡಗೈದು ಎಳೆದರೆ ಎಡಕ್ಕೆ. ಎಲ್ಲಾ ಕೈಯದೇ ಕೆಲಸ. ಕಾಲು ಬೇಕಾಗುವುದು ಏಳುವಾಗ, ಇಳಿಯುವಾಗ ಮಾತ್ರ.

ಬೆನ್ನ ಮೇಲಿನ ಇಂಜಿನ್ ಸುಮಾರು 20ರಿಂದ 35 ಕಿಲೋ ತೂಗುತ್ತದೆ. ಅರ್ಧ ಮೂಟೆ ರಾಗಿ ಹೊತ್ತು ಓಡಿದ ಹಾಗೆ. ಅದನ್ನೇ ಮೂರು ಅಥವಾ ನಾಲ್ಕು ಚಕ್ರದ ಚೌಕಟ್ಟಿಗೆ ಕೂರಿಸಿದರೆ ಭಾರವೆಲ್ಲ ನೆಲದ ಮೇಲೆ. ಉತ್ತ ಹೊಲದಲ್ಲಿ ಚಕ್ರ ಓಡಲ್ಲ, ಗಾಡಿ ಮಗುಚಲೂಬಹುದು, ಕಾಲಲ್ಲಿ ಓಡುವವರು ಸಣ್ಣ ಜಾಗದಿಂದಲೂ ಏಳುತ್ತಾರೆ. ಅದೆಲ್ಲ ನಿಜ. ಆದರೆ ಪುಕ್ಕಲರು ಅನ್ನೋದು ಯಾಕೆ?

ನಮ್ಮ ಚಿಕ್ಕಪ್ಪನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡು ಕಾಲಿಗೂ ಶಕ್ತಿಯಿಲ್ಲ. ಕೈಯಿಂದ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ ಸಂತೆಗೆ ಹೋಗಿ ಬರುತ್ತಾರೆ. ಅವರ ತೋಳು ನಮ್ಮ ಪಿ.ಟಿ. ಮೇಷ್ಟ್ರ ತೋಳಿಗಿಂತ ಗಟ್ಟಿ (ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು). ನಾನು ಚಿತ್ರ ತೋರಿಸಿದಾಗ ಅವರು ಬಟ್ಟೆಯನ್ನೂ ನೋಡಲಿಲ್ಲ, ಇಂಜಿನ್ನನ್ನೂ ನೋಡಲಿಲ್ಲ. ಮುಂದಿನ ಚಕ್ರದ ಮೇಲೆ ಬೆರಳಿಟ್ಟು, "ಇದನ್ನ ತಿರುಗಿಸೋದು ಕೈಯಲ್ಲೋ ಕಾಲಲ್ಲೋ?" ಅಂದರು.

ಎಷ್ಟೋ ಗಾಡಿಗಳಲ್ಲಿ ಅದು ಕಾಲಲ್ಲೇ. ನನ್ನ ತಕರಾರು ಇರುವುದು ಇಲ್ಲಿ. ಚಕ್ರ ಹಾಕಿದ ಮೇಲೆ ಅದನ್ನೂ ಕೈಗೆ ತಂದುಕೊಡಬೇಕು. ಆದರೆ ನೆಲದ ಮೇಲೆ ಓಡುವಾಗ ಎರಡು ಕೈಯಲ್ಲೂ ಹಗ್ಗ ಇರುತ್ತದಲ್ಲ, ಚಕ್ರ ತಿರುಗಿಸುವುದು ಹೇಗೆ? ಉಪಾಯ ಹೊಳೆದವರು ಚಿತ್ರ ಬರೆದು ಇದರ ಕೆಳಗೆ ಅಂಟಿಸಿ. ಚಿಕ್ಕಪ್ಪನಿಗೆ ತೋರಿಸುತ್ತೇನೆ.

— 7ನೇ ತರಗತಿ