ಎರಡಾಣೆಯ ಲೆಕ್ಕ, ಆರು ತಿಂಗಳ ಉಪದೇಶ

‘ಆರು ತಿಂಗಳ ಖರ್ಚಿಗಾಗುವಷ್ಟು ಹಣ ಸದಾ ಕೈಯಲ್ಲಿರಬೇಕು.’ ಯೂಟ್ಯೂಬಿನ ಹಣಕಾಸು ಸಲಹೆಗಾರರಿಂದ ಹಿಡಿದು ಪತ್ರಿಕೆಗಳ ಪುರವಣಿಗಳವರೆಗೆ ಎಲ್ಲರೂ ಹೇಳುವ ಮಾತಿದು. ಕೋವಿಡ್ ನಂತರವಂತೂ ಇದು ಮಂತ್ರವೇ ಆಗಿಬಿಟ್ಟಿದೆ. ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅದನ್ನು ಕೇಳಿಸಿಕೊಳ್ಳುವ ಎಲ್ಲರ ಮನೆಯೂ ಒಂದೇ ಬಗೆಯದಲ್ಲ. ತಿಂಗಳಿಗೆ ಇಪ್ಪತ್ತು ಸಾವಿರದಲ್ಲಿ ಸಂಸಾರ ತೂಗಿಸುವ ಮನೆಗೆ ಆರು ತಿಂಗಳ ಖರ್ಚೆಂದರೆ 1,20,000 ರೂಪಾಯಿ. ಕಷ್ಟಪಟ್ಟು ತಿಂಗಳಿಗೆ 1,500 ಉಳಿಸಿದರೂ ಅಷ್ಟು ಕೂಡಲು ಆರು ವರ್ಷ ಎಂಟು ತಿಂಗಳು ಬೇಕು. ಅಷ್ಟರೊಳಗೆ ಒಂದು ಆಪರೇಷನ್ನೋ, ಒಂದು ಸಾವೋ, ಕೆಲಸ ಹೋಗುವುದೋ ಆಗಿಯೇ ಇರುತ್ತದೆ.

ಈ ಉಪದೇಶ ಎಲ್ಲ ಭಾರವನ್ನೂ ಮನೆಯವರ ಶಿಸ್ತಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತದೆ. ಕಷ್ಟಕಾಲಕ್ಕೆ ಹಣ ಕೂಡಬೇಕಾದರೆ ಮನಸ್ಸು ಗಟ್ಟಿಯಿದ್ದರೆ ಸಾಲದು. ದುಡ್ಡು ಖರ್ಚಾಗುವ ಮುನ್ನವೇ ಅದನ್ನು ಬಂದು ಒಯ್ಯುವ ಏರ್ಪಾಡು ಬೇಕು, ಒಯ್ದ ದುಡ್ಡು ಕೇಳಿದ ದಿನ ವಾಪಸು ಸಿಗಬೇಕು. ಬಡವರು ಮೊಬೈಲಿಗೆ, ಸಿನಿಮಾಕ್ಕೆ ಸುರಿಯುವುದರಿಂದಲೇ ಅವರ ಕೈಯಲ್ಲಿ ಕಾಸು ನಿಲ್ಲುವುದಿಲ್ಲ ಎನ್ನುವವರು ದಿನಗೂಲಿಯ ಮನೆಯೊಂದರ ಲೆಕ್ಕವನ್ನು ಒಮ್ಮೆಯೂ ಕೂತು ನೋಡಿದವರಲ್ಲ.

ಅಂಥ ಏರ್ಪಾಡು ಸಾಧ್ಯ ಎಂಬುದಕ್ಕೆ ಸಾಕ್ಷಿ ಕರ್ನಾಟಕದ ಕರಾವಳಿಯಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ ಬಂಡವಾಳ ಒದಗಿಸುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ಬ್ಯಾಂಕಿನ ಏಜೆಂಟ್ ದಿನಾಲೂ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ದಿನಕ್ಕೆ ಎರಡಾಣೆ ಎಂದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದವರ ಹೆಸರಿನಲ್ಲಿ ಹಾಗೆ ಇಡುಗಂಟು ಬೆಳೆಯಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಎಂಬ ಹೆಸರು ಜನರ ಬಾಯಲ್ಲಿ ಉಳಿದಿದೆ. ಊರೂರಿನ ಸಹಕಾರಿ ಬ್ಯಾಂಕುಗಳೂ ಸೊಸೈಟಿಗಳೂ ಆ ಪದ್ಧತಿಯನ್ನೇ ನಡೆಸಿಕೊಂಡು ಬಂದಿವೆ.

ಯಾವುದೇ ಪೇಟೆಯ ಸಂಜೆಯ ಮಾರುಕಟ್ಟೆಯಲ್ಲಿ ಇದನ್ನು ನೋಡಬಹುದು. ಹೆಗಲಿಗೆ ಚೀಲ, ಕೈಯಲ್ಲಿ ರಸೀದಿ ಯಂತ್ರ ಹಿಡಿದ ಸಂಗ್ರಾಹಕ ಹೂವಿನವಳ ಮುಂದೆ ನಿಲ್ಲುತ್ತಾನೆ. ‘ಅಕ್ಕಾ, ಪಿಗ್ಮಿ.’ ಗೋಣಿತಾಟಿನ ಅಡಿಯಿಂದ ಮಡಿಸಿದ ಐವತ್ತರ ನೋಟು ಹೊರಬರುತ್ತದೆ. ಯಂತ್ರ ಚೀಟಿ ಉಗುಳುತ್ತದೆ, ಅವಳು ಅದನ್ನು ನೋಡಿ ಕುಂಕುಮದ ಡಬ್ಬಿಯೊಳಗೆ ತುರುಕುತ್ತಾಳೆ. ವ್ಯಾಪಾರ ನೆಲಕಚ್ಚಿದ ದಿನ ‘ಇವತ್ತು ಬೋಣಿನೇ ಸರಿಯಾಗಿ ಆಗಿಲ್ಲ ಕಣಣ್ಣ, ನಾಳೆ ಸೇರಿಸಿ ಕೊಡ್ತೀನಿ’ ಎನ್ನುತ್ತಾಳೆ, ಅವನು ಮುಂದಿನ ಅಂಗಡಿಗೆ ಹೋಗುತ್ತಾನೆ. ದಂಡವಿಲ್ಲ, ನೋಟಿಸಿಲ್ಲ. ದಿನಕ್ಕೆ ಐವತ್ತರಂತೆ ವರ್ಷಕ್ಕೆ 18,250 ರೂಪಾಯಿ. ಆರು ತಿಂಗಳ ಖರ್ಚಿನ ಮುಂದೆ ಇದು ಅಲ್ಪವೇ ಸರಿ. ಆದರೆ ಮಗುವನ್ನು ಆಸ್ಪತ್ರೆಗೆ ಸೇರಿಸುವ ರಾತ್ರಿ ಅವಳು ಮೀಟರ್ ಬಡ್ಡಿಯವನ ಬಾಗಿಲು ಬಡಿಯದಂತೆ ತಡೆಯಲು ಇಷ್ಟು ಸಾಕು.

ಇದನ್ನು ಒಪ್ಪದವರಲ್ಲಿ ತೂಕದ ಮಾತಾಡುವವರೂ ಇದ್ದಾರೆ. ಸಾಲವಿದ್ದವನು ಮೊದಲು ಸಾಲ ತೀರಿಸಬೇಕು. ಇಪ್ಪತ್ನಾಲ್ಕು ಪರ್ಸೆಂಟ್ ಬಡ್ಡಿ ಕಟ್ಟುತ್ತ ಪುಡಿಬಡ್ಡಿಯ ಪಿಗ್ಮಿಯಲ್ಲಿ ಹಣ ಇಡುವುದು ತಿಳಿಗೇಡಿತನ ಎನ್ನುತ್ತಾರೆ ಅವರು. ಕಾಗದದ ಮೇಲೆ ಈ ಲೆಕ್ಕವನ್ನು ಅಲ್ಲಗಳೆಯಲಾಗದು. ಆದರೆ ಇದ್ದಬದ್ದದ್ದನ್ನೆಲ್ಲ ಕಂತಿಗೆ ಸುರಿದು ಕೈ ಖಾಲಿ ಮಾಡಿಕೊಂಡ ಮನೆ ಮುಂದಿನ ಜ್ವರಕ್ಕೆ ಮತ್ತೆ ಸಾಲವನ್ನೇ ಮಾಡುತ್ತದೆ, ಅದೂ ಹಿಂದಿನದಕ್ಕಿಂತ ದುಬಾರಿ ಬಡ್ಡಿಗೆ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ಎತ್ತುವ ಈ ಸುಳಿ ಎಷ್ಟು ಕ್ರೂರವಾಯಿತೆಂದರೆ, ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮೊದಲು ಒಂದು ತಿಂಗಳ ಬಾಡಿಗೆ, ರೇಷನ್ನು, ಔಷಧಿಗಾಗುವಷ್ಟನ್ನು ಪಕ್ಕಕ್ಕಿಟ್ಟು ಆಮೇಲೆ ಸಾಲಕ್ಕೆ ಕೈಹಾಕುವುದೇ ಇಂಥ ಮನೆಗಳಿಗೆ ಸರಿಯಾದ ಕ್ರಮ.

ಒಡವೆ ಇರುವಾಗ ಬೇರೆ ಉಳಿತಾಯ ಯಾಕೆ ಎನ್ನುವವರ ವಾದವೂ ಹುರುಳಿಲ್ಲದ್ದಲ್ಲ. ನಮ್ಮ ಹೆಂಗಸರ ಆಪದ್ಧನ ಇದ್ದದ್ದೇ ಕೊರಳಿನಲ್ಲಿ, ಕೈಯಲ್ಲಿ. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಡವೆಯ ಮೌಲ್ಯದ ಶೇ 75ರ ಬದಲು ಶೇ 90ರವರೆಗೆ ಸಾಲ ಕೊಡಲು ಬ್ಯಾಂಕುಗಳಿಗೆ ತಾತ್ಕಾಲಿಕವಾಗಿ ಅವಕಾಶ ಕೊಟ್ಟಿತ್ತು; ಕಷ್ಟಕ್ಕೆ ಬಂಗಾರ ಎಷ್ಟು ಆಸರೆ ಎಂಬುದು ಅದಕ್ಕೂ ಗೊತ್ತಿತ್ತು. ಆದರೂ ಅಡವಿಟ್ಟ ಬಳೆಗೆ ಬಡ್ಡಿ ಕಟ್ಟಬೇಕು, ಕಟ್ಟದಿದ್ದರೆ ಹರಾಜು. ಮಾರಲು ಹೋದರೆ ಮಜೂರಿ, ವೇಸ್ಟೇಜಿಗೆ ಕೊಟ್ಟ ದುಡ್ಡು ಹೋದಂತೆಯೇ. ಬಂಗಾರ ಎರಡನೆಯ ಸಾಲಿನ ರಕ್ಷಣೆಯಾಗಿರಲಿ, ಮೊದಲ ಏಟಿಗೇ ಅದನ್ನು ಒಡ್ಡಬಾರದು.

ಸರ್ಕಾರದ ಆರೋಗ್ಯ ಯೋಜನೆಗಳಿವೆಯಲ್ಲ ಎಂದರೆ, ಹೌದು, ಇವೆ. ಆದರೆ ಸಹಕಾರ ಸಂಘಗಳ ರೈತ ಸದಸ್ಯರು ನೆಚ್ಚಿಕೊಂಡಿದ್ದ ಯಶಸ್ವಿನಿ 2018ರಲ್ಲಿ ನಿಂತುಹೋಗಿ, ಮತ್ತೆ ಶುರುವಾಗಲು ಕೆಲವು ವರ್ಷಗಳೇ ಹಿಡಿದವು. ಆ ನಡುವೆಯೇ ಕೋವಿಡ್ ಬಂದುಹೋಯಿತು.

ಇಷ್ಟಾದರೂ ಪಿಗ್ಮಿಯ ಪರ ಮಾತಾಡುವವರು ನುಂಗಿಕೊಂಡುಬಿಡುವ ಒಂದು ಸಂಗತಿ ಇದೆ. ಕಟ್ಟಿದ ಹಣ ಎಷ್ಟು ಭದ್ರ? 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಸಿಕ್ಕ ಪಿಎಂಸಿ ಸಹಕಾರಿ ಬ್ಯಾಂಕಿನ ಗ್ರಾಹಕರು ಮೊದಮೊದಲು ತೆಗೆಯಬಹುದಾಗಿದ್ದದ್ದು ಬರೀ 1,000 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಆ ಮಿತಿ 35,000. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬ್ಯಾಂಕಿನ ಮುಂದೆ ನಿಂತು ಕಣ್ಣೀರಿಟ್ಟರು. ಅವರು ದುಂದು ಮಾಡಿದವರಲ್ಲ, ಶಿಸ್ತು ತಪ್ಪಿದವರಲ್ಲ. ಸಲಹೆಗಾರರು ಹೇಳುವಂತೆಯೇ ಜೀವಮಾನವಿಡೀ ಉಳಿಸಿದವರು. ಮರುತಿಂಗಳು ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ನಿರ್ಬಂಧಕ್ಕೆ ಸಿಕ್ಕ ಬ್ಯಾಂಕಿನ ಠೇವಣಿದಾರರಿಗೆ ಆ ಮೊತ್ತದೊಳಗಿನ ಹಣವನ್ನು ತೊಂಬತ್ತು ದಿನದಲ್ಲಿ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು.

ಈ ವಿಮೆ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ, ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಎರಡರ ಬೋರ್ಡೂ ಹೆಚ್ಚುಕಮ್ಮಿ ಒಂದೇ ಥರ, ರಸೀದಿ ಯಂತ್ರವೂ ಒಂದೇ ಥರ. ಹೂವಿನವಳಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಇದನ್ನು ಅವಳ ಅಜ್ಞಾನವೆಂದು ಯಾರೂ ತಳ್ಳಿಹಾಕಕೂಡದು. ಪಿಗ್ಮಿ ಕಟ್ಟಿಸಿಕೊಳ್ಳುವ ಪ್ರತಿ ಸಂಸ್ಥೆಯೂ ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಈ ಹಣಕ್ಕೆ ವಿಮೆ ಇದೆಯೋ ಇಲ್ಲವೋ ಎಂದು ಅಚ್ಚು ಹಾಕಿಸಬೇಕು ಎಂಬ ನಿಯಮವನ್ನು ಸರ್ಕಾರ ತರಬೇಕು. ಓದು ಬಾರದವರಿಗೆ ಖಾತೆ ತೆರೆಯುವ ದಿನವೇ ಅದನ್ನು ಓದಿ ಹೇಳುವುದು ಸಂಗ್ರಾಹಕನ ಕೆಲಸವಾಗಬೇಕು.